ನಿಂತು ದುಡಿಯುವ ಕಾಲು

(ಶಾಲೆಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಆರೋಗ್ಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ, ನಾನು ಹೃದಯದ ವಿಷಯವನ್ನೋ ಮಧುಮೇಹದ ವಿಷಯವನ್ನೋ ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಕಾಲನ್ನು. ಹೃದಯವನ್ನು ಕುರಿತು ಮಾತನಾಡುವವರು ಬಹಳ ಮಂದಿ ಇದ್ದಾರೆ. ಕಾಲನ್ನು ಕುರಿತು ಮಾತನಾಡುವವರು ಕಡಿಮೆ. ಅದರಲ್ಲಿಯೂ ನಮ್ಮ ತಾಯಂದಿರ ಕಾಲು ಸೀರೆಯ ನೆರಿಗೆಯ ಹಿಂದೆ ಅಡಗಿರುವುದರಿಂದ ಅದರ ಕಷ್ಟ ಮನೆಯವರಿಗೂ ತಿಳಿಯುವುದಿಲ್ಲ.

ಮಕ್ಕಳೆ, ವಿಜಯದಶಮಿಯ ಸಂಜೆ ನೀವು ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಎರಗುತ್ತೀರಿ. ಆಗ ನಿಮ್ಮ ಕಣ್ಣಿಗೆ ಅಷ್ಟು ಸಮೀಪದಲ್ಲಿ ಅವರ ಪಾದಗಳು ಕಾಣುತ್ತವೆ. ಕೆಲವರ ಮೀನಖಂಡದ ಮೇಲೆ ನೀಲಿ ಬಣ್ಣದ ಹಗ್ಗವೊಂದು ಸುತ್ತಿಕೊಂಡು ಇಳಿದಂತೆ ಇರುವುದನ್ನು ಕಂಡಿದ್ದೀರಾ? ಕೆಲವರ ಹರಡಿನ ಒಳಮಗ್ಗುಲಲ್ಲಿ ಚರ್ಮವು ಹೊಗೆ ಹಿಡಿದ ಪಾತ್ರೆಯ ಬಣ್ಣಕ್ಕೆ ತಿರುಗಿರುವುದನ್ನು ನೋಡಿದ್ದೀರಾ? ಕಂಡಿದ್ದರೆ ಇಂದಿನ ನನ್ನ ಮಾತಿನ ಅರ್ಧವನ್ನು ನೀವು ಆಗಲೇ ಬಲ್ಲಿರಿ.

ನಮ್ಮ ಕಡೆಯ ಜನ ಇದನ್ನು "ಕಾಲಿನ ನರ ಉಬ್ಬಿದೆ" ಎಂದು ಹೇಳುವುದು ರೂಢಿ. ಈ ಮಾತಿನಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ನರವೆಂದರೆ ಮಿದುಳಿನಿಂದ ಸಂದೇಶವನ್ನು ಒಯ್ಯುವ ತಂತು. ಅದು ಉಬ್ಬಿ ಚರ್ಮದ ಮೇಲೆ ಕಾಣುವುದಿಲ್ಲ. ಉಬ್ಬಿ ಕಾಣುವುದು ಸಿರೆ, ಎಂದರೆ ದೇಹದ ಕೊನೆಕೊನೆಗಳಿಂದ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳ. ವೈದ್ಯರು ಈ ರೋಗವನ್ನು ವೆರಿಕೋಸ್ ವೇನ್ಸ್ ಎನ್ನುವರು. ಇದೇನೂ ಹೊಸ ಕಾಲದ ರೋಗವಲ್ಲ. ಸುಶ್ರುತ ಸಂಹಿತೆಯಲ್ಲಿ ಸಿರೆಗಳಲ್ಲಿ ಹುಟ್ಟುವ ಗಂಟಿಗೆ ಸಿರಾಜ ಗ್ರಂಥಿ ಎಂಬ ಹೆಸರಿದೆ. "ನರದ ದೌರ್ಬಲ್ಯ"ವೆಂದು ತಿಳಿದು ಶಕ್ತಿಯ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದವರನ್ನು ನಾನು ಕಂಡಿದ್ದೇನೆ. ಆದಕಾರಣ ಹೆಸರಿನಿಂದಲೇ ಆರಂಭಿಸಬೇಕಾಯಿತು.

ಸಿರೆ ಏಕೆ ಉಬ್ಬುತ್ತದೆಂಬುದನ್ನು ತಿಳಿಯಬೇಕಾದರೆ ಕೃಷ್ಣಾ ನದಿಯ ದಂಡೆಗೆ ಹೋಗೋಣ. ನಮ್ಮ ಜಿಲ್ಲೆಯಲ್ಲಿ ಏತ ನೀರಾವರಿಯನ್ನು ಕಾಣದವರಿಲ್ಲ. ಮ್ಹೈಸಾಳದಲ್ಲಿ ಎತ್ತಿದ ಕೃಷ್ಣೆಯ ನೀರು ಹಂತಹಂತವಾಗಿ ಮೇಲೇರಿ ಕವಠೆ ಮಹಾಂಕಾಳ, ಜತ್ತದ ಬರದ ನೆಲದವರೆಗೆ ಹೋಗುತ್ತದೆ. ಹೊಳೆಯ ಬದಿಯಲ್ಲಿ ಒಬ್ಬ ಒಕ್ಕಲಿಗನ ಸಣ್ಣ ಪಂಪಿದ್ದರೂ ಅದರ ಕೊಳವೆಯ ತುದಿಯಲ್ಲಿ ಒಂದು ಫುಟ್‌ವಾಲ್ವ್ ಇದ್ದೇ ಇರುತ್ತದೆ. ನೀರು ಮೇಲೇರುವಾಗ ಅದು ತೆರೆದುಕೊಳ್ಳುತ್ತದೆ. ಪಂಪು ನಿಂತಾಗ ಮುಚ್ಚಿಕೊಂಡು ಏರಿದ ನೀರನ್ನು ಕೆಳಗೆ ಬೀಳಗೊಡುವುದಿಲ್ಲ. ಆ ವಾಲ್ವಿಗೆ ಕಸ ಸಿಕ್ಕಿತೆಂದರೆ, ಚರ್ಮ ಸವೆಯಿತೆಂದರೆ, ಕೊಳವೆಯ ನೀರು ಸೋರಿ ಹೊಳೆಗೆ ಇಳಿಯುತ್ತದೆ. ಒಕ್ಕಲಿಗ ತಲೆಯ ಮೇಲೆ ಕೈಹೊತ್ತು ಕೂಡುತ್ತಾನೆ.

ನಮ್ಮ ಕಾಲಿನಲ್ಲಿಯೂ ಹೀಗೆಯೇ. ಹೃದಯದಿಂದ ಹೊರಟ ರಕ್ತ ಕಾಲ್ಬೆರಳಿನವರೆಗೆ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಹತ್ತಿಸುವ ಪಂಪು ಯಾವುದೆಂದರೆ ಮೀನಖಂಡದ ಸ್ನಾಯು. ನಡೆಯುವಾಗ ಅದು ಬಿಗಿದು ಸಡಿಲಾಗುತ್ತ, ನಡುವೆ ಇರುವ ಆಳವಾದ ಸಿರೆಗಳನ್ನು ಹಿಂಡುತ್ತದೆ. ವೈದ್ಯರಲ್ಲಿ ಇದನ್ನು ಎರಡನೆಯ ಹೃದಯವೆಂದು ಕರೆಯುವ ವಾಡಿಕೆಯುಂಟು. ಸಿರೆಯೊಳಗೆ ಅಲ್ಲಲ್ಲಿ ತೆಳ್ಳನೆಯ ಎರಡು ಎಸಳಿನ ಕವಾಟಗಳಿವೆ, ಅವೇ ಫುಟ್‌ವಾಲ್ವುಗಳು. ಒಂದೇ ವ್ಯತ್ಯಾಸ: ಒಕ್ಕಲಿಗನ ಕೊಳವೆಗೆ ಒಂದೇ ವಾಲ್ವ್, ನಮ್ಮ ಕಾಲಿಗೆ ಅನೇಕ.

ಈ ಕವಾಟಗಳನ್ನು ಇಟಲಿಯ ಪದುವಾ ನಗರದ ಅಧ್ಯಾಪಕ ಫಾಬ್ರಿಸಿಯಸ್ ಎಂಬವನು 1603ರಲ್ಲಿ ಚಿತ್ರಸಹಿತ ವರ್ಣಿಸಿದನು. ಆದರೆ ಅವು ರಕ್ತದ ಓಟವನ್ನು ನಿಧಾನಗೊಳಿಸಲು ಇವೆಯೆಂದು ಅವನು ಭಾವಿಸಿದ್ದನು. ಅವನ ಶಿಷ್ಯನಾದ ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, ಅವು ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳೆಂದು ತೋರಿಸಿಕೊಟ್ಟನು. ಗುರು ಕಂಡದ್ದರ ಅರ್ಥವನ್ನು ಶಿಷ್ಯ ಹೇಳಿದನು. ಅಧ್ಯಾಪಕ ಬಂಧುಗಳು ಇದಕ್ಕೆ ಬೇಸರಪಡಬೇಕಾಗಿಲ್ಲ.

ಹಾರ್ವೆಯ ಪ್ರಯೋಗವನ್ನು ವಿಜ್ಞಾನದ ತರಗತಿಯಲ್ಲಿ ಅಧ್ಯಾಪಕರ ಎದುರಿಗೆ ನೀವೂ ಮಾಡಬಹುದು. ಸಿರೆಗಳು ಚೆನ್ನಾಗಿ ಕಾಣುವ ಒಬ್ಬರ ಮೊಣಕೈಯ ಮೇಲ್ಗಡೆ ಒಂದು ಬಟ್ಟೆಯನ್ನು ತೀರ ಬಿಗಿಯಾಗದಂತೆ ಕಟ್ಟಿರಿ. ಮುಂಗೈಯ ಸಿರೆಗಳು ಎದ್ದು, ಅವುಗಳ ಮೇಲೆ ಅಲ್ಲಲ್ಲಿ ಸಣ್ಣ ಗಂಟುಗಳು ತೋರುತ್ತವೆ. ಅಂಥ ಒಂದು ಗಂಟಿನ ಕೆಳಗೆ ಸಿರೆಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಯ ರಕ್ತವನ್ನು ಮೊಣಕೈಯ ಕಡೆಗೆ ಗಂಟಿನ ಆಚೆಯವರೆಗೂ ಸವರಿರಿ. ಮೇಲಿನ ಬೆರಳನ್ನು ತೆಗೆದರೂ ನಡುವಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಗಂಟನ್ನು ದಾಟಿ ಕೆಳಗೆ ಬರಲಾರದು. ಕೆಳಗಿನ ಬೆರಳನ್ನು ಎತ್ತಿದೊಡನೆ ಅದು ತುಂಬಿಕೊಳ್ಳುತ್ತದೆ. ಎರಡು ನಿಮಿಷದೊಳಗೆ ಕಟ್ಟನ್ನು ಬಿಚ್ಚಿಬಿಡಿರಿ.

ಇನ್ನು ಒಂದು ಸಣ್ಣ ಲೆಕ್ಕ. ನಿಂತ ಮನುಷ್ಯನ ಹೃದಯದಿಂದ ಹರಡಿನವರೆಗೆ ಸುಮಾರು 120 ಸೆಂಟಿಮೀಟರ್ ಎತ್ತರವೆಂದು ಹಿಡಿಯಿರಿ. ಪಾದರಸವು ನೀರಿಗಿಂತ 13.6 ಪಟ್ಟು ಭಾರ. 1200 ಮಿಲಿಮೀಟರನ್ನು 13.6ರಿಂದ ಭಾಗಿಸಿದರೆ 88 ಬರುತ್ತದೆ. ಅಂದರೆ ಅಲುಗಾಡದೆ ನಿಂತವನ ಹರಡಿನ ಸಿರೆಯ ಮೇಲೆ ಹೆಚ್ಚುಕಡಿಮೆ 88 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೀಳುತ್ತದೆ. ಅವನು ನಡೆಯತೊಡಗಿದರೆ, ಕವಾಟಗಳು ಸರಿಯಾಗಿದ್ದಲ್ಲಿ, ಕೆಲವೇ ಹೆಜ್ಜೆಗಳಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವನಿಗೆ ನಡೆದರೂ ಅಷ್ಟು ಇಳಿಯುವುದಿಲ್ಲ. ಹಗಲೆಲ್ಲ ಆ ಒತ್ತಡವನ್ನು ಹೊತ್ತು ಸಿರೆ ಹಿಗ್ಗುತ್ತದೆ. ಹಿಗ್ಗಿದ ಸಿರೆಯಲ್ಲಿ ಕವಾಟದ ಎಸಳುಗಳು ಒಂದನ್ನೊಂದು ಮುಟ್ಟಲಾರವು. ಆಗ ಅದರ ಕೆಳಗಿನ ಕವಾಟದ ಮೇಲೆ ಭಾರ ಬೀಳುತ್ತದೆ. ಒಂದು ಕೆಟ್ಟಿತೆಂದರೆ ಮುಂದಿನದು ಕೆಡುವುದಕ್ಕೆ ದಾರಿಯಾಯಿತು.

ಈ ಲೆಕ್ಕದಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿಯೆಂದರೆ, ಕಾಲನ್ನು ಕೆಡಿಸುವುದು ನಡಿಗೆಯಲ್ಲ, ನಿಲುವು. ಆಷಾಢದಲ್ಲಿ ಪಂಢರಪುರಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ನಮ್ಮ ಕಡೆಯ ಭಕ್ತರು ನಡೆದೇ ಹೋಗುತ್ತಾರೆ. ಅಂಗಾಲಿಗೆ ಬೊಕ್ಕೆ ಬಂದೀತು, ಸಿರೆಗೆ ಅದರಿಂದ ಕೇಡಿಲ್ಲ. ಇಚಲಕರಂಜಿಯ ಪವರ್‌ಲೂಮಿನ ಮುಂದೆ ಪಾಳಿಯುದ್ದಕ್ಕೂ ನಿಲ್ಲುವ ನೇಕಾರ, ಸಾಂಗಲಿಯ ಗಣಪತಿ ಪೇಟೆಯ ಅಂಗಡಿಗಳಲ್ಲಿ ಗಿರಾಕಿಗಳ ಮುಂದೆ ನಿಂತೇ ಇರುವ ಹೆಣ್ಣುಮಕ್ಕಳು, ಎಸ್.ಟಿ. ಬಸ್ಸಿನ ಕಂಡಕ್ಟರು, ಇಸ್ತ್ರಿ ಮಾಡುವವರು, ಮದುವೆಯ ಅಡಿಗೆಯವರು, ಕರಿಹಲಗೆಯ ಮುಂದೆ ಆರು ತಾಸು ನಿಲ್ಲುವ ಅಧ್ಯಾಪಕರು, ಇವರೆಲ್ಲರ ಕಾಲು ದುಡಿಯುವುದು ನಿಂತಲ್ಲಿಯೇ. ನಮ್ಮ ಅಜ್ಜಿಯರು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಇಂದಿನ ತಾಯಿ ಅಡಿಗೆ ಕಟ್ಟೆಯ ಮುಂದೆ ನಿಂತು ಬಡಿಯುತ್ತಾಳೆ. ಬೆನ್ನಿಗೆ ಒಳ್ಳೆಯದಾಗಿರಬಹುದು. ಕಾಲಿಗೆ ಒಳ್ಳೆಯದಾಯಿತೆಂದು ನನಗೆ ತೋರುವುದಿಲ್ಲ.

ನಿಂತು ದುಡಿಯುವುದೊಂದೇ ಕಾರಣವೆಂದು ಹೇಳಲಾಗದು. ತಂದೆತಾಯಿಗಳಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಗರ್ಭಿಣಿಯರಲ್ಲಿ ಸಿರೆಗಳು ಉಬ್ಬಿ, ಹೆರಿಗೆಯ ಅನಂತರ ಬಹುಮಟ್ಟಿಗೆ ಇಳಿಯುವುದುಂಟು. ಹೆರಿಗೆಗಳು ಹೆಚ್ಚಾದಂತೆ ಪೂರ್ತಿ ಇಳಿಯದೆ ಉಳಿಯುವುದೂ ಉಂಟು. ವಯಸ್ಸು, ಮೈಭಾರ, ಹಿಂದೆ ಎಂದೋ ಕಾಲಿನ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದುದು, ಇವೂ ಕಾರಣಗಳೇ. ಆದರೆ ವಂಶವನ್ನು ನಾವು ಬದಲಾಯಿಸಲಾರೆವು, ನಿಲ್ಲುವ ರೀತಿಯನ್ನು ಬದಲಾಯಿಸಬಲ್ಲೆವು. ಡೆನ್ಮಾರ್ಕ್ ದೇಶದಲ್ಲಿ ದುಡಿಯುವ ಜನರನ್ನು ಹನ್ನೆರಡು ವರ್ಷ ಅನುಸರಿಸಿ ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಪಾಲು ಹೊತ್ತು ನಿಂತು ದುಡಿಯುವವರು ಈ ರೋಗಕ್ಕಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಒಂದೂವರೆ ಪಟ್ಟಿಗೂ ಮಿಕ್ಕಿತ್ತು. ಕೇರಳದಲ್ಲಿ ಬಟ್ಟೆಯಂಗಡಿಗಳ ಹೆಣ್ಣುಮಕ್ಕಳು, ಕೂಡಲು ಒಂದು ಆಸನ ಬೇಕೆಂದು ಹೋರಾಡಿದರು. 2018ರಲ್ಲಿ ಅಲ್ಲಿಯ ಸರಕಾರ ಅಂಗಡಿಗಳ ಕಾಯಿದೆಯನ್ನು ತಿದ್ದಿ ಕೂಡುವ ಹಕ್ಕನ್ನು ಕೊಟ್ಟಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕಾರ್ಖಾನೆಗಳಲ್ಲಿ ನಿಂತು ದುಡಿಯುವವರಿಗೆ ಕೂಡುವ ಅನುಕೂಲವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮೇ ವಿಧಿಸಿತ್ತು. ಒಂದು ಮಣೆಗಾಗಿ ಹೋರಾಟ ಮಾಡಬೇಕಾಯಿತೇ ಎಂದು ಆಶ್ಚರ್ಯಪಡುವವರು ತಮ್ಮ ಅಂಗಡಿಯಲ್ಲಿ ಎಷ್ಟು ಸ್ಟೂಲುಗಳಿವೆಯೆಂದು ಒಮ್ಮೆ ಎಣಿಸಿ ನೋಡಲಿ.

ಈ ರೋಗವು ಕಳ್ಳನಂತೆ ರಾತ್ರಿ ನುಗ್ಗುವುದಿಲ್ಲ. ಬಾಗಿಲು ತಟ್ಟಿ, ಹೇಳಿಯೇ ಬರುತ್ತದೆ. ಮೊದಲಿಗೆ ಸಂಜೆಯ ಹೊತ್ತು ಕಾಲು ಭಾರವೆನಿಸುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಚರ್ಮದಲ್ಲಿ ಜೇಡರ ಬಲೆಯಂತಹ ಕೆಂಪು ನೀಲಿ ಗೆರೆಗಳು ತೋರುತ್ತವೆ. ಆಮೇಲೆ ಸಿರೆ ಡೊಂಕುಡೊಂಕಾಗಿ ಉಬ್ಬುತ್ತದೆ. ಸಂಜೆಗೆ ಪಾದ ಬಾತು, ಚಪ್ಪಲಿಯ ಪಟ್ಟಿಯ ಗುರುತು ಮೂಡುತ್ತದೆ. ಬೆಳಗ್ಗೆ ಎದ್ದಾಗ ಇಳಿದಿರುತ್ತದೆ. ಎರಡೂ ಕಾಲು ಬೆಳಗಿನ ಹೊತ್ತಿನಲ್ಲಿಯೂ ಬಾತಿದ್ದರೆ, ಅಥವಾ ಮುಖವೂ ಬಾತಿದ್ದರೆ, ಅದು ಹೃದಯದ್ದೋ ಮೂತ್ರಪಿಂಡದ್ದೋ ಇರಬಹುದಾದ್ದರಿಂದ ಸಿರೆಯೆಂದು ಸುಮ್ಮನಿರಕೂಡದು. ಆನೆಕಾಲು ರೋಗದ ಬಾವು ಬೇರೆಯೇ ಬಗೆಯದು. ಅದನ್ನು ವೈದ್ಯರು ನೋಡಿ ಹೇಳಬೇಕು.

ಇಷ್ಟಕ್ಕೆ ನಿಂತರೆ ಪುಣ್ಯ. ಎಷ್ಟೋ ಜನರಲ್ಲಿ ಇಷ್ಟಕ್ಕೆ ನಿಲ್ಲುತ್ತದೆ, ಅವರು ಭಯಪಡಬೇಕಾಗಿಲ್ಲ. ಕೆಲವರಲ್ಲಿ ಮುಂದುವರಿಯುತ್ತದೆ. ಹರಡಿನ ಒಳಮಗ್ಗುಲಿನ ಮೇಲೆ, ನಾಲ್ಕು ಬೆರಳಗಲದ ಆ ಜಾಗವನ್ನು ನೆನಪಿಡಿರಿ. ಅಲ್ಲಿ ಮೊದಲು ತುರಿಕೆ, ಆಮೇಲೆ ಕಂದುಬಣ್ಣ, ಆಮೇಲೆ ಚರ್ಮ ಹಲಗೆಯಂತೆ ಗಟ್ಟಿಯಾಗುವುದು. ಒತ್ತಡದಿಂದ ಸಿರೆಯ ಹೊರಗೆ ಸೋರಿದ ರಕ್ತದ ಕಬ್ಬಿಣವೇ ಆ ಕಂದು. ಅಂಥ ಚರ್ಮಕ್ಕೆ ಹೊಸ್ತಿಲು ತಗುಲಿತು, ಕಬ್ಬಿನ ಕೂಳೆ ತರಚಿತು, ತುರಿಸಿದ ಉಗುರು ನಾಟಿತು ಎಂದರೆ ಸಾಕು, ಹುಣ್ಣು ಹುಟ್ಟಿಕೊಳ್ಳುತ್ತದೆ. 1994ರಲ್ಲಿ ಹವಾಯಿಯಲ್ಲಿ ಸೇರಿದ ತಜ್ಞರು ಈ ರೋಗದ ಬೆಳವಣಿಗೆಯನ್ನು 0ಯಿಂದ 6ರ ವರೆಗೆ ಗುರುತಿಸುವ ಪದ್ಧತಿಯನ್ನು ಏರ್ಪಡಿಸಿದರು. ಬಾಯ್ತೆರೆದ ಹುಣ್ಣು ಅದರಲ್ಲಿ ಆರನೆಯ ಮೆಟ್ಟಿಲು. ನಮ್ಮವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಬಹುಶಃ ಆ ಆರನೆಯದನ್ನು ಹತ್ತಿದ ಮೇಲೆಯೇ.

ನನ್ನ ಸೋದರತ್ತೆ ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿದ್ದರು. ಅವರ ಎಡಗಾಲಿನ ಹರಡಿನ ಮೇಲೆ ಒಂಬತ್ತು ವರ್ಷ ಹುಣ್ಣು ಇದ್ದಿತು. ಒಂಬತ್ತು ವರ್ಷವೂ ನಾನು ಹಬ್ಬಕ್ಕೆ ಹೋದಾಗಲೆಲ್ಲ ಅವರ ಪಾದಕ್ಕೆ ಎರಗಿದ್ದೇನೆ. ಅವರು ಸೀರೆಯನ್ನು ಪಾದದ ಮೇಲೆ ಎಳೆದುಕೊಳ್ಳುತ್ತಿದ್ದುದನ್ನು ಸಂಕೋಚವೆಂದು ತಿಳಿದಿದ್ದೆ. ಅವರು ಮದುವೆ ಮುಂಜಿಗಳಿಗೆ ಬರುವುದನ್ನು ಬಿಟ್ಟಿದ್ದರು. ದೇವರ ಮನೆಯೊಳಗೆ ಹೋಗುವುದನ್ನೂ ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಹುಣ್ಣಿನ ವಾಸನೆ ಒಂದು ಕಾರಣ. ಅದಕ್ಕಿಂತ ದೊಡ್ಡದು, ಅದು ಕುಷ್ಠವಿರಬಹುದೆಂಬ ಅಂಜಿಕೆ. ನಾನು ವೈದ್ಯಕೀಯ ಕಲಿಯುತ್ತಿದ್ದಾಗ ಒಂದು ರಜೆಯಲ್ಲಿ ಅವರು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದುದನ್ನು ಅಕಸ್ಮಾತ್ತಾಗಿ ಕಂಡೆ. "ತಮ್ಮಾ, ಈ ಕಡೆ ಬರಬ್ಯಾಡ, ನೋಡಬ್ಯಾಡ, ಹೊಲಸ ಐತಿ" ಎಂದರು. ಅವರ ಕೈಯಲ್ಲಿ ಅರಿಸಿನದ ಪುಡಿಯ ಬಟ್ಟಲಿತ್ತು.

ಅದು ಕುಷ್ಠವಾಗಿರಲಿಲ್ಲ. ಕುಷ್ಠದ ಹುಣ್ಣು ಸಾಮಾನ್ಯವಾಗಿ ಅರಿವು ಹೋದ ಅಂಗಾಲಿನಲ್ಲಿ, ಭಾರ ಬೀಳುವ ಸ್ಥಳದಲ್ಲಿ, ನೋವಿಲ್ಲದೆ ಆಗುತ್ತದೆ. ಸಿರೆಯ ಹುಣ್ಣು ಹರಡಿನ ಮೇಲೆ ಆಗುತ್ತದೆ, ಸುತ್ತಲಿನ ಚರ್ಮಕ್ಕೆ ಅರಿವಿರುತ್ತದೆ. ಕುಷ್ಠವೇ ಆಗಿದ್ದರೂ ಇಂದು ಅದಕ್ಕೆ ಗುಣಕಾರಿಯಾದ ಔಷಧಗಳಿರುವುದರಿಂದ ಅಡಗಿಸುವ ಕಾರಣವಿಲ್ಲ. ಮಿಷನ್ನಿನವರ ಕಾಲದಿಂದಲೂ ಕುಷ್ಠರೋಗಿಗಳ ಆಸ್ಪತ್ರೆಗೆ ಹೆಸರಾದ ಮಿರಜದ ಸುತ್ತಿನಲ್ಲಿಯೇ ಈ ಅಂಜಿಕೆ ಇಷ್ಟು ಬೇರುಬಿಟ್ಟಿದೆ.

ನಮ್ಮ ಅತ್ತೆಯವರ ಹುಣ್ಣಿಗೆ ಒಂಬತ್ತು ವರ್ಷದಲ್ಲಿ ಏನೇನು ಹಚ್ಚಿದ್ದರೆಂಬುದರ ಪಟ್ಟಿ ದೊಡ್ಡದು. ಸಾಂಗಲಿಯು ಅರಿಸಿನದ ಪೇಟೆ. ನಮಗೆ ಯಾವ ಗಾಯವಾದರೂ ಮೊದಲು ನೆನಪಾಗುವುದು ಅರಿಸಿನವೇ. ಅಡಿಗೆಯಲ್ಲಿ ಅದರ ಮಹಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಣ್ಣಿನ ಮೇಲೆ ಪುಡಿ ಗಟ್ಟಿಯಾಗಿ ಕೂತು ಕೀವನ್ನು ಒಳಗೇ ಉಳಿಸುತ್ತದೆ. ಸೊಪ್ಪಿನ ರಸ, ಅಂಗಡಿಯಿಂದ ತಾವಾಗಿಯೇ ತಂದ ಮುಲಾಮು, ಇವುಗಳಿಂದ ಸುತ್ತಲಿನ ಚರ್ಮ ಕೆರಳಿ ಮತ್ತಷ್ಟು ಬಿರಿಯುತ್ತದೆ. ಈ ರೋಗಿಗಳ ಚರ್ಮವು ಮುಲಾಮುಗಳಿಗೆ ಕೆರಳುವುದರಲ್ಲಿ ಬಲು ಮುಂದು. ತಪ್ಪು ಇರುವುದು ಔಷಧದ ಆಯ್ಕೆಯಲ್ಲಿ ಮಾತ್ರವಲ್ಲ. ಹುಣ್ಣು ಚರ್ಮದಲ್ಲಿ ಕಂಡರೂ ಕೇಡು ಇರುವುದು ಸಿರೆಯ ಒತ್ತಡದಲ್ಲಿ. ಫುಟ್‌ವಾಲ್ವ್ ಸೋರುತ್ತಿರುವಾಗ ಹೊಲದ ಕಾಲುವೆಯನ್ನು ಎಷ್ಟು ಮೆತ್ತಿದರೇನು?

ಹಾಗಾದರೆ ಮಾಡುವುದೇನು? ಒತ್ತಡವನ್ನು ಇಳಿಸುವುದು. ಅದಕ್ಕೆ ಮೊದಲನೆಯ ಉಪಾಯಕ್ಕೆ ಕಾಸಿನ ಖರ್ಚಿಲ್ಲ: ಕಾಲನ್ನು ಹೃದಯಕ್ಕಿಂತ ಎತ್ತರದಲ್ಲಿ ಇಡುವುದು. ಕುರ್ಚಿಯಲ್ಲಿ ಕುಳಿತು ಕಾಲನ್ನು ಮಣೆಯ ಮೇಲೆ ಇಟ್ಟರೆ ಅರ್ಧ ಮಾತ್ರ ಸಾಧಿಸಿದಂತಾಯಿತು. ಅಂಗಾತ ಮಲಗಿ, ಕಾಲ ಕೆಳಗೆ ಎರಡು ಮೂರು ದಿಂಬು ಇಟ್ಟುಕೊಂಡು, ದಿನಕ್ಕೆ ಮೂರು ನಾಲ್ಕು ಸಾರಿ ಅರ್ಧ ತಾಸಿನಷ್ಟು ವಿಶ್ರಮಿಸಬೇಕು. ರಾತ್ರಿ ಮಂಚದ ಕಾಲ್ದೆಸೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಸುಮಾರು 15 ಸೆಂಟಿಮೀಟರ್ ಎತ್ತರಿಸಬೇಕು. ಹೃದಯ ದುರ್ಬಲವಾಗಿ ಮಲಗಿದರೆ ಉಸಿರು ಕಟ್ಟುವವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. "ಸೊಸೆಯಾದವಳು ಹಗಲು ಮಲಗಿದರೆ ಮನೆಯವರೇನೆಂದಾರು" ಎಂದು ನನ್ನನ್ನು ಕೇಳಿದ ತಾಯಂದಿರುಂಟು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವೈದ್ಯರಲ್ಲ; ಈ ಸಭೆಯಲ್ಲಿ ಕುಳಿತ ಅತ್ತೆಯವರು, ಗಂಡಸರು.

ಎರಡನೆಯದು ಪಂಪನ್ನು ನಡೆಸುವುದು. ದಿನವೂ ನಡೆಯಿರಿ. ನಿಲ್ಲಲೇಬೇಕಾದಲ್ಲಿ ಆಗಾಗ ಹಿಮ್ಮಡಿಯನ್ನು ಎತ್ತಿ ಬೆರಳ ಮೇಲೆ ನಿಂತು ಇಳಿಯಿರಿ, ಹತ್ತಿಪ್ಪತ್ತು ಸಾರಿ. ಹಲಗೆಯ ಮೇಲೆ ಬರೆಯುತ್ತಲೇ ಅಧ್ಯಾಪಕರು ಇದನ್ನು ಮಾಡಬಹುದು. ಮಕ್ಕಳು ನಕ್ಕರೆ ಅವರಿಂದಲೂ ಮಾಡಿಸಬಹುದು. ಅಲುಗಾಡದೆ ಬಹಳ ಹೊತ್ತು ಕಾಲು ಇಳಿಬಿಟ್ಟು ಕೂಡುವುದೂ ಒಳ್ಳೆಯದಲ್ಲ; ದೂರದ ಬಸ್ ಪ್ರಯಾಣದಲ್ಲಿ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಕಾಸಿದ ಇಟ್ಟಿಗೆಯ ಶಾಖ ಕೊಡುವ ರೂಢಿಯನ್ನು ಬಿಡಿರಿ. ಬಿಸಿಗೆ ಸಿರೆ ಇನ್ನಷ್ಟು ಹಿಗ್ಗುತ್ತದೆ.

ಮೂರನೆಯದು ಹೊರಗಿನಿಂದ ಒತ್ತು ಕೊಡುವುದು. ಅಮೆರಿಕದ ಟೊಲೆಡೊ ನಗರದಲ್ಲಿ ಕಾನ್ರಾಡ್ ಜಾಬ್ಸ್ಟ್ ಎಂಬ ಎಂಜಿನಿಯರನಿದ್ದನು. ಅವನಿಗೇ ಈ ರೋಗವಿತ್ತು. ಈಜುಕೊಳದ ನೀರಿನಲ್ಲಿ ನಿಂತಾಗ ತನ್ನ ಕಾಲು ಹಗುರಾಗುವುದನ್ನು ಅವನು ಗಮನಿಸಿದನು. ಏಕೆ ಹಾಗೆ? ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚು. ಹರಡಿನ ಬಳಿ ಅಧಿಕ, ಮೊಣಕಾಲ ಬಳಿ ಕಡಿಮೆ. ಒಳಗಿನ ರಕ್ತದ ಕಂಬಕ್ಕೆ ಹೊರಗಿನ ನೀರಿನ ಕಂಬ ಸರಿಜೋಡಿಯಾಯಿತು. 1950ರ ಸುಮಾರಿಗೆ ಅವನು, ಹರಡಿನಲ್ಲಿ ಹೆಚ್ಚು ಬಿಗಿಯಾಗಿ ಮೇಲೇರಿದಂತೆ ಸಡಿಲವಾಗುವ ಕಾಲುಚೀಲವನ್ನು ಮಾಡಿದನು. ಕೃಷ್ಣೆಯ ಘಟ್ಟದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಅರ್ಘ್ಯ ಕೊಡುವವರ ಕಾಲಿಗೂ ಅದೇ ಸುಖ ದೊರೆತಿರಬೇಕು.

ಈ ಕಾಲುಚೀಲವನ್ನು ಬೆಳಗ್ಗೆ ಬಾವು ಬರುವ ಮೊದಲೇ, ಹಾಸಿಗೆಯಲ್ಲಿರುವಾಗಲೇ ಹಾಕಿಕೊಂಡು, ರಾತ್ರಿ ಮಲಗುವಾಗ ತೆಗೆಯಬೇಕು. ಚೀಲ ದೊರೆಯದವರಿಗೆ, ಹುಣ್ಣಿರುವವರಿಗೆ, ಹಿಗ್ಗುವ ಪಟ್ಟಿಯಿದೆ. ಆದರೆ ಇಲ್ಲಿ ಒಂದು ಎಚ್ಚರ, ಇದನ್ನು ದಯವಿಟ್ಟು ಮರೆಯಬೇಡಿರಿ. ಮಧುಮೇಹಿಗಳಿಗೂ ಬೀಡಿ ತಂಬಾಕಿನ ಚಟವಿರುವವರಿಗೂ ಕಾಲಿಗೆ ರಕ್ತವನ್ನು ಒಯ್ಯುವ ಧಮನಿಯೇ ಕಿರಿದಾಗಿರಬಹುದು. ಅಂಥ ಕಾಲಿಗೆ ಬಿಗಿಪಟ್ಟಿ ಸುತ್ತಿದರೆ ಬರುವ ಅಲ್ಪ ರಕ್ತವೂ ನಿಂತು ಬೆರಳು ಕೊಳೆತುಹೋದೀತು. ವೈದ್ಯರು ಹರಡಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಿ ನೋಡುತ್ತಾರೆ. ಹರಡಿನದು ತೋಳಿನದರ 0.8 ಪಾಲಿಗಿಂತ ಕಡಿಮೆಯಿದ್ದರೆ ಪೂರ್ಣ ಬಿಗಿಯ ಪಟ್ಟಿ ಕೂಡದು, 0.5ಕ್ಕಿಂತ ಕಡಿಮೆಯಿದ್ದರೆ ಪಟ್ಟಿಯೇ ಕೂಡದು. ಆದ್ದರಿಂದ ಮೊದಲ ಪಟ್ಟಿಯನ್ನು ವೈದ್ಯರು ಪರೀಕ್ಷಿಸಿ ಕಟ್ಟಲಿ. ನೋಡಿ ಕಲಿತು ಮುಂದಿನದನ್ನು ನೀವು ಕಟ್ಟಿರಿ.

ಅತ್ತೆಯವರಿಗೆ ನನ್ನ ಗುರುಗಳು ಪರೀಕ್ಷೆ ಮಾಡಿ, ಹುಣ್ಣನ್ನು ಶುದ್ಧವಾದ ನೀರಿನಿಂದ ತೊಳೆದು, ಅಂಟದ ಬಟ್ಟೆಯನ್ನು ಇಟ್ಟು, ಬೆರಳಿನ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಪಟ್ಟಿ ಸುತ್ತಿದರು. ಐದು ತಿಂಗಳಲ್ಲಿ ಒಂಬತ್ತು ವರ್ಷದ ಹುಣ್ಣು ಮುಚ್ಚಿತು. ಆ ವರ್ಷ ಯುಗಾದಿಗೆ ಅವರೇ ದೇವರ ಮನೆಯಲ್ಲಿ ದೀಪ ಹಚ್ಚಿದರು. ಮುಂದಿನ ಬೇಸಗೆಯಲ್ಲಿ ಸೆಕೆಯೆಂದು ಪಟ್ಟಿಯನ್ನು ಬಿಟ್ಟರು. ದೀಪಾವಳಿಯ ಹೊತ್ತಿಗೆ ಹುಣ್ಣು ಮರಳಿತು. ಪಟ್ಟಿ ಮರಳಿ ಕಟ್ಟಿದ ಮೇಲೆ ಅದೂ ಹೋಯಿತು. ಹುಣ್ಣು ಮಾಯುವುದು ಒಂದು, ಮಾಯ್ದದ್ದು ಉಳಿಯುವುದು ಇನ್ನೊಂದು.

ಅಂದು ನಮ್ಮ ಅತ್ತೆಯವರಿಗೆ ಇಲ್ಲದಿದ್ದ ಅನುಕೂಲಗಳು ಇಂದು ಇವೆ. ಡಾಪ್ಲರ್ ಎಂಬ ಧ್ವನಿಯಂತ್ರದಿಂದ, ಸೂಜಿ ಚುಚ್ಚದೆ, ಯಾವ ಕವಾಟ ಸೋರುತ್ತಿದೆಯೆಂಬುದನ್ನು ಪರದೆಯ ಮೇಲೆ ನೋಡಬಹುದು. ಕೆಟ್ಟ ಸಿರೆಯನ್ನು ಕೊಯ್ದು ಎಳೆದು ತೆಗೆಯುವುದು ಹಿಂದಿನ ರೀತಿ. ಈಗ ಒಂದು ಎಳೆಯಂತಹ ನಳಿಕೆಯನ್ನು ಒಳಗೆ ತೂರಿಸಿ ಲೇಸರಿನ ಅಥವಾ ರೇಡಿಯೋ ತರಂಗದ ಶಾಖದಿಂದ ಸಿರೆಯನ್ನು ಒಳಗಿಂದಲೇ ಮುಚ್ಚುತ್ತಾರೆ, ರೋಗಿ ಬಹುಮಟ್ಟಿಗೆ ಅದೇ ದಿನ ನಡೆದು ಮನೆಗೆ ಹೋಗುತ್ತಾನೆ. ಸಣ್ಣ ಸಿರೆಗಳಿಗೆ ಚುಚ್ಚುಮದ್ದು ಸಾಕು. "ಸಿರೆಯನ್ನೇ ಮುಚ್ಚಿದರೆ ರಕ್ತ ಹೋಗುವುದೆಲ್ಲಿ?" ಎಂದು ಕೇಳುವವರಿದ್ದಾರೆ. ಆಳದ ದೊಡ್ಡ ಸಿರೆಗಳು ಆ ಕೆಲಸವನ್ನು ಮಾಡುತ್ತವೆ. ಅವು ಸರಿಯಾಗಿವೆಯೇ ಎಂದು ನೋಡಿಕೊಂಡೇ ಮೇಲಿನದನ್ನು ಮುಚ್ಚುತ್ತಾರೆ. ಇಂಗ್ಲೆಂಡಿನಲ್ಲಿ ಹುಣ್ಣುಳ್ಳ 450 ರೋಗಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪಟ್ಟಿಯ ಜೊತೆಗೆ ತಡಮಾಡದೆ ಸಿರೆಯನ್ನು ಮುಚ್ಚಿದವರ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನಗಳೊಳಗೆ ಮಾಯಿತು. ಪಟ್ಟಿ ಕಟ್ಟಿ ಸಿರೆಯ ಚಿಕಿತ್ಸೆಯನ್ನು ಮುಂದೂಡಿದವರಲ್ಲಿ ಅಷ್ಟಾಗಲು 82 ದಿನ ಹಿಡಿಯಿತು. ಎರಡು ಗುಂಪಿನವರೂ ಪಟ್ಟಿ ಕಟ್ಟಿದ್ದರೆಂಬುದನ್ನು ಗಮನಿಸಿರಿ.

ಇದಕ್ಕಾಗಿ ನಾವು ಮುಂಬಯಿಗೆ ಓಡಬೇಕಾಗಿಲ್ಲ. 1889ರಲ್ಲಿ ಭಾರತಕ್ಕೆ ಬಂದ ಡಾಕ್ಟರ್ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಬೆಳಗಾವಿ, ವಿಜಯಪುರ, ಧಾರವಾಡ ಕಡೆಯ ಕನ್ನಡಿಗರು ರೈಲು ಹತ್ತಿ ಈ ಊರಿಗೆ ಶಸ್ತ್ರಚಿಕಿತ್ಸೆಗೆ ಬಂದಿದ್ದಾರೆ. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಇಲ್ಲಿ ಆಯಿತು. ನೂರು ಮೈಲು ದೂರದವರು ನಂಬಿ ಬಂದ ಊರಿನಲ್ಲಿಯೇ ಇರುವ ನಾವು ಹಿತ್ತಲಲ್ಲಿ ಕುಳಿತು ಹುಣ್ಣಿಗೆ ಪುಡಿ ಹಚ್ಚಿಕೊಳ್ಳುವುದನ್ನು ನೋಡಿದರೆ ನನಗೆ ವ್ಯಥೆಯಾಗುತ್ತದೆ.

ಎರಡು ಆಪತ್ತುಗಳನ್ನು ವಿದ್ಯಾರ್ಥಿಗಳು ವಿಶೇಷವಾಗಿ ತಿಳಿದಿರಬೇಕು, ಏಕೆಂದರೆ ಆ ಹೊತ್ತಿಗೆ ಮನೆಯಲ್ಲಿ ನೀವೇ ಇರಬಹುದು. ಉಬ್ಬಿದ ಸಿರೆ ತರಚಿ ಒಡೆದರೆ ರಕ್ತ ಚಿಮ್ಮುತ್ತದೆ; ನೋವಿಲ್ಲದ್ದರಿಂದ ಕೆಲವರಿಗೆ ನೆಲ ಒದ್ದೆಯಾದ ಮೇಲೆಯೇ ಗೊತ್ತಾಗುತ್ತದೆ. ಅವರನ್ನು ಕುರ್ಚಿಯಲ್ಲಿ ಕೂಡಿಸಬೇಡಿರಿ, ನಿಲ್ಲಿಸಬೇಡಿರಿ. ತಕ್ಷಣ ನೆಲದ ಮೇಲೆ ಮಲಗಿಸಿ, ಕಾಲನ್ನು ಎತ್ತಿ ಹಿಡಿದು, ಶುಭ್ರವಾದ ಬಟ್ಟೆಯಿಂದ ರಕ್ತ ಬರುವ ಜಾಗವನ್ನೇ ಹತ್ತು ನಿಮಿಷ ಬಿಡದೆ ಒತ್ತಿರಿ. ನಡುನಡುವೆ ಎತ್ತಿ ಇಣಿಕಬೇಡಿರಿ. ತೊಡೆಗೆ ಹಗ್ಗ ಬಿಗಿಯಬೇಡಿರಿ. ಎತ್ತಿದ ಮಾತ್ರಕ್ಕೆ ರಕ್ತದ ವೇಗ ಹೇಗೆ ಇಳಿಯುತ್ತದೆಂಬುದನ್ನು ಈಗಾಗಲೇ ಮಾಡಿದ ಲೆಕ್ಕವೇ ಹೇಳುತ್ತದೆ. ರಕ್ತ ನಿಂತ ಮೇಲೂ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಆಪತ್ತಿನಲ್ಲಿ ರಕ್ತ ಕಾಣಿಸುವುದಿಲ್ಲ. ಒಂದೇ ಕಾಲು ದಿನವೊಪ್ಪತ್ತಿನಲ್ಲಿ ಬಾತು, ಮೀನಖಂಡ ನೋಯುತ್ತ ಬೆಚ್ಚಗಾದರೆ, ಅದರಲ್ಲಿಯೂ ಹೆರಿಗೆ, ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ದೀರ್ಘ ಪ್ರಯಾಣ ಇವುಗಳ ತರುವಾಯ ಹೀಗಾದರೆ, ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ಪ್ರೀತಿಯ ಪದ್ಧತಿ. ಇಲ್ಲಿ ಅದನ್ನು ಸರ್ವಥಾ ಮಾಡಕೂಡದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರು ಸಿಕ್ಕಿಕೊಂಡರೆ, ಎದೆ ನೋಯತೊಡಗಿದರೆ, 108ಕ್ಕೆ ಕರೆ ಮಾಡಬೇಕು.

ಸಂಘದವರಲ್ಲಿ ನನ್ನದೊಂದು ಬೇಡಿಕೆಯುಂಟು. ಪ್ರತಿಯೊಂದು ತರಗತಿಯಲ್ಲಿ ಹಲಗೆಯ ಬಳಿ ಎತ್ತರದ ಒಂದು ಸ್ಟೂಲು, ಮಧ್ಯಾಹ್ನದ ಊಟ ಬೇಯಿಸುವ ತಾಯಂದಿರಿಗೆ ಅಡಿಗೆ ಕೋಣೆಯಲ್ಲಿ ಎರಡು. ಪಾಲಕರಲ್ಲಿ ಅಂಗಡಿಕಾರರೂ ಮಗ್ಗದ ಮಾಲಕರೂ ಇದ್ದೀರಿ. ನಿಮಗೆ ನಾನು ಲೆಕ್ಕ ಹೇಳಬೇಕಾಗಿಲ್ಲ.

ಸಮಯ ಮೀರಿತು. ಹತ್ತು ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳನ್ನು ತಂದಿದ್ದೇನೆ. ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಮುಂದೆ ಬಂದು ಕಾಲು ಚಾಚಿ ಕುಳಿತರೆ, ಬೆರಳಿನ ಬುಡದಿಂದ ಆರಂಭಿಸಿ, ಹಿಮ್ಮಡಿಯನ್ನು ಬಿಡದೆ ಮುಚ್ಚಿ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಮೇಲೇರಿಸುವುದು ಹೇಗೆಂದು ತೋರಿಸುತ್ತೇನೆ. ತಾಯಂದಿರು ಹಿಂದಿನ ಸಾಲಿನಿಂದ ಎದ್ದು ಇಲ್ಲಿ ಹತ್ತಿರ ಬರಬೇಕು, ಅಲ್ಲಿಂದ ಕಾಣುವುದಿಲ್ಲ.